ನಂಟು ಕಡಿಯದ ನಕಲು

ಬರೆದ ಮಾತನ್ನು ಗಣಕದ ನೆರವಿನಿಂದ ವಿಶ್ಲೇಷಿಸಹೊರಟವರು ಎಲ್ಲಕ್ಕೂ ಮೊದಲು ತೀರ್ಮಾನಿಸಬೇಕಾದ ಸಂಗತಿಯೊಂದುಂಟು. ಅದಾವುದೆಂದರೆ, ತಾವು ಕಂಡುಕೊಂಡದ್ದನ್ನು ಮೂಲಪಾಠದೊಳಗೇ ಬರೆದಿಡಬೇಕೆ, ಅಥವಾ ಪಾಠವನ್ನು ಕಿಂಚಿತ್ತೂ ಮುಟ್ಟದೆ ಅದರಿಂದ ಬೇರೆಯಾಗಿ ಇರಿಸಬೇಕೆ ಎಂಬುದು. ಪಾಠದೊಳಗೇ ಗುರುತುಗಳನ್ನು ತುಂಬುತ್ತ ಹೋದರೆ, ಮೊದಲನೆಯ ವಿಶ್ಲೇಷಕವು ಹೆಸರುಗಳನ್ನು ಗುರುತಿಸಿ ಮುಗಿಸುವಷ್ಟರಲ್ಲಿ ಎರಡನೆಯದು ಓದಬೇಕಾದ ವಾಕ್ಯ ಮೊದಲಿನ ವಾಕ್ಯವಾಗಿ ಉಳಿದಿರುವುದಿಲ್ಲ. ಎರಡೂ ಗುರುತಿಸಿದ ಭಾಗಗಳು ಒಂದರೊಳಗೊಂದು ಅರ್ಧಮರ್ಧ ಹಾಯ್ದುಬಂದರಂತೂ, ಯಾವುದನ್ನು ಯಾವುದರೊಳಗೆ ಅಡಗಿಸಬೇಕೆಂಬುದೇ ತಿಳಿಯದಾಗುತ್ತದೆ. ಆದುದರಿಂದಲೇ 1990ರ ದಶಕದಲ್ಲಿ ಅಮೆರಿಕದ ಟಿಪ್‌ಸ್ಟರ್ ಯೋಜನೆಯವರೂ, 1996ರಲ್ಲಿ ಗೇಟ್ ಎಂಬ ತಂತ್ರಾಂಶವನ್ನು ಮೊದಲ ಬಾರಿಗೆ ಹೊರತಂದ ಇಂಗ್ಲೆಂಡಿನ ಷೆಫೀಲ್ಡ್ ವಿಶ್ವವಿದ್ಯಾನಿಲಯದವರೂ ಎರಡನೆಯ ಮಾರ್ಗವನ್ನೇ ಹಿಡಿದರು. ಪಾಠ ಇದ್ದಂತೆಯೇ ಇರತಕ್ಕದ್ದು. ಟಿಪ್ಪಣಿಯು ಇಂಥ ಸ್ಥಾನದಿಂದ ಇಂಥ ಸ್ಥಾನದವರೆಗೆ ಎಂದು ಅಂಕೆಗಳ ಮೂಲಕ ಅದನ್ನು ನಿರ್ದೇಶಿಸತಕ್ಕದ್ದು.

ಈ ಪರಂಪರೆಯನ್ನು ಅತ್ಯಂತ ವ್ಯವಸ್ಥಿತವಾಗಿ ಮುಂದುವರಿಸಿದ ಚೌಕಟ್ಟು ಐಬಿಎಂ ಸಂಸ್ಥೆಯ ಸಂಶೋಧಕರು ಕಟ್ಟಿದ ಯುಐಎಂಎ. ಡೇವಿಡ್ ಫೆರುಚಿ ಮತ್ತು ಆಡಮ್ ಲ್ಯಾಲಿ ಎಂಬವರು ಅದರ ವಾಸ್ತುವನ್ನು 2004ರ ಒಂದು ಪ್ರಬಂಧದಲ್ಲಿ ವಿವರಿಸಿದರು. 2006ರಲ್ಲಿ ಅದು ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದು ಎಲ್ಲರ ಸ್ವತ್ತಾಯಿತು. 2009ರಲ್ಲಿ ಓಯಸಿಸ್ ಎಂಬ ಮಾನಕಸಂಸ್ಥೆಯು ಅದನ್ನು ಮಾನಕವೆಂದು ಅಂಗೀಕರಿಸಿತು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ವೈದ್ಯರ ಟಿಪ್ಪಣಿಗಳಿಂದ ರೋಗ, ಔಷಧ, ಲಕ್ಷಣಗಳನ್ನು ಆರಿಸಿ ತೆಗೆಯಲೆಂದು ಆರಂಭವಾದ ಸಿಟೇಕ್ಸ್ ಎಂಬ ತಂತ್ರಾಂಶವೂ ಇದೇ ಅಡಿಪಾಯದ ಮೇಲೆ ನಿಂತಿದೆ. ಈ ಚೌಕಟ್ಟಿನಲ್ಲಿ ಪಾಠವನ್ನೂ ಪಾಠದ ಬಗ್ಗೆ ಕಂಡುಕೊಂಡದ್ದೆಲ್ಲವನ್ನೂ ಒಟ್ಟಿಗೆ ಹೊತ್ತು ಒಂದು ವಿಶ್ಲೇಷಕದಿಂದ ಮತ್ತೊಂದಕ್ಕೆ ಸಾಗುವ ಸಂಪುಟಕ್ಕೆ ಕ್ಯಾಸ್ ಎಂದು ಹೆಸರು. ಅದರೊಳಗಿನ ವಸ್ತುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುವ ಬಗೆ, ಅವನ್ನು ಕೊಂಡಿ ಸಮೇತ ಇನ್ನೊಂದು ಸಂಪುಟಕ್ಕೆ ನಕಲು ಮಾಡುವ ಬಗೆ, ನಕಲಾದವನ್ನು ಮತ್ತೆ ಕಂಡುಹಿಡಿಯುವಂತೆ ಸೂಚಿಯಲ್ಲಿ ಸೇರಿಸುವ ಬಗೆ, ಈ ಅಧ್ಯಾಯದ ವಿಷಯ ಇಷ್ಟೇ. ಹೊರಗಿನಿಂದ ನೋಡಿದವರಿಗೆ ಇದು ಕೇವಲ ಗುಮಾಸ್ತೆಯ ಕೆಲಸದಂತೆ ತೋರಬಹುದು. ಆದರೆ ಎರಡು ವಸ್ತುಗಳು ಸಮಾನವಾಗಿರುವುದಕ್ಕೂ ಎರಡೂ ಒಂದೇ ಆಗಿರುವುದಕ್ಕೂ ನಡುವಣ ಅಂತರವೆಷ್ಟು ಎಂಬ ಪ್ರಾಚೀನ ಜಿಜ್ಞಾಸೆಯು ಇಲ್ಲಿಗಿಂತ ಸ್ಪಷ್ಟವಾಗಿ, ಕೈಗೆ ಸಿಗುವಷ್ಟು ಮೂರ್ತವಾಗಿ, ಬೇರೆಲ್ಲಿಯೂ ಎದುರಾಗುವುದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಒಂದು ಚಿಕ್ಕ ವಾಕ್ಯವನ್ನು ತೆಗೆದುಕೊಂಡು ನೋಡೋಣ: ‘ಕುವೆಂಪು ಮೈಸೂರಿನಲ್ಲಿ ಓದಿದರು, ಅವರು ಅಲ್ಲಿಯೇ ಪ್ರಾಧ್ಯಾಪಕರಾದರು.’ ಕನ್ನಡ ಬಲ್ಲವನ ಕಣ್ಣಿಗೆ ಮೊದಲ ಪದದಲ್ಲಿರುವುದು ಕು, ವೆಂ, ಪು ಎಂಬ ಮೂರು ಅಕ್ಷರಗಳು. ಗಣಕವಾದರೋ ವ್ಯಂಜನವನ್ನೂ ಅದರ ಮೇಲಿನ ಸ್ವರಚಿಹ್ನೆಯನ್ನೂ ಅನುಸ್ವಾರವನ್ನೂ ಬೇರೆಬೇರೆಯಾಗಿ ಎಣಿಸುವುದರಿಂದ ಅದರ ಲೆಕ್ಕದಲ್ಲಿ ಅಲ್ಲಿರುವುದು ಏಳು ಸಂಕೇತಗಳು. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಈ ಹೆಸರಿನ ಟಿಪ್ಪಣಿಯ ಆದಿ 0, ಅಂತ್ಯ 7. ಅದರ ಮುಂದಿನ ಖಾಲಿ ಸ್ಥಳವನ್ನು ದಾಟಿದರೆ ‘ಮೈಸೂರಿನಲ್ಲಿ’ ಎಂಬ ಐದಕ್ಷರದ ಪದ 8ರಿಂದ 19ರವರೆಗೆ ಹನ್ನೊಂದು ಸಂಕೇತಗಳನ್ನು ಆಕ್ರಮಿಸುತ್ತದೆ. ‘ಅವರು’ ಎಂಬುದು 28ರಿಂದ 32ರವರೆಗೆ. ಕೊನೆಯ ಬಿಂದುವೂ ಸೇರಿ ಇಡೀ ವಾಕ್ಯ 0ಯಿಂದ 57ರವರೆಗೆ. ಟಿಪ್ಪಣಿಯೊಂದರಲ್ಲಿ ಇರಲೇಬೇಕಾದುದು ಇಷ್ಟು: ತಾನು ಯಾವ ವರ್ಗದ್ದು, ಯಾವ ಪಾಠಕ್ಕೆ ಸೇರಿದ್ದು, ಎಲ್ಲಿ ಆರಂಭ, ಎಲ್ಲಿ ಮುಕ್ತಾಯ.

ಆದರೆ ಇಷ್ಟರಿಂದ ವಿಶ್ಲೇಷಣೆ ಪೂರ್ಣವಾಗದು. ‘ಅವರು’ ಎಂದರೆ ಯಾರು ಎಂಬುದನ್ನೂ ಯಂತ್ರ ಬರೆದಿಡಬೇಕು. ಅದಕ್ಕಾಗಿ ಪಾಠದಲ್ಲಿ ಯಾವ ಸ್ಥಾನವೂ ಇಲ್ಲದ, ‘ವ್ಯಕ್ತಿ’ ಎಂಬ ವರ್ಗಕ್ಕೆ ಸೇರಿದ ಮತ್ತೊಂದು ವಸ್ತುವನ್ನು ಸೃಷ್ಟಿಸಿ, ಹೆಸರಿನ ಟಿಪ್ಪಣಿಯಿಂದಲೂ ಸರ್ವನಾಮದ ಟಿಪ್ಪಣಿಯಿಂದಲೂ ಅದಕ್ಕೆ ಕೊಂಡಿ ಹಾಕುತ್ತಾರೆ; ಅನೇಕರು ಅಷ್ಟಕ್ಕೇ ತೃಪ್ತರಾಗದೆ, ಆ ವ್ಯಕ್ತಿಯಿಂದ ಅವನ ಎಲ್ಲ ಉಲ್ಲೇಖಗಳ ಕಡೆಗೂ ಒಂದು ಪಟ್ಟಿಯ ಮೂಲಕ ಮರಳಿ ಕೊಂಡಿ ಹಾಕುತ್ತಾರೆ. ಹೀಗೆ ಗುಣಗಳನ್ನೂ ಕೊಂಡಿಗಳನ್ನೂ ಹೊತ್ತ ವಸ್ತುಗಳಿಗೆ ಲಕ್ಷಣರಚನೆಗಳೆಂದು ಹೆಸರು. ಈ ಕಲ್ಪನೆ ಗಣಕಕ್ಕೆ ಬಂದದ್ದು 1970ರ ದಶಕದ ಅಂತ್ಯದಲ್ಲಿ ಮಾರ್ಟಿನ್ ಕೇ ಮೊದಲಾದ ಭಾಷಾವಿಜ್ಞಾನಿಗಳ ವ್ಯಾಕರಣಸಿದ್ಧಾಂತಗಳಿಂದ. ಇಲ್ಲಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಎರಡು ಟಿಪ್ಪಣಿಗಳು ತೋರಿಸುವುದು ಒಂದೇ ವ್ಯಕ್ತಿಯನ್ನು, ಒಂದೇ ತರಹದ ಇಬ್ಬರನ್ನಲ್ಲ; ಮತ್ತು, ಟಿಪ್ಪಣಿಯಿಂದ ವ್ಯಕ್ತಿಗೆ, ವ್ಯಕ್ತಿಯಿಂದ ಪಟ್ಟಿಗೆ, ಪಟ್ಟಿಯಿಂದ ಟಿಪ್ಪಣಿಗೆ ಹೊರಟವನು ಹೊರಟಲ್ಲಿಗೇ ಬಂದು ಸೇರುತ್ತಾನೆ.

ಈಗ ಇವನ್ನು ಮತ್ತೊಂದು ಕ್ಯಾಸ್‌ಗೆ ನಕಲು ಮಾಡಬೇಕೆಂದಿಟ್ಟುಕೊಳ್ಳೋಣ. ಆದಿ, ಅಂತ್ಯ ಮುಂತಾದ ಅಂಕೆಗಳನ್ನು ಎತ್ತಿ ಬರೆಯುವುದು ಕಷ್ಟವಲ್ಲ. ಕಷ್ಟವಿರುವುದು ಕೊಂಡಿಯಲ್ಲಿ. ಯುಐಎಂಎಯ ಎರಡನೆಯ ಆವೃತ್ತಿಯಲ್ಲಿ ಪ್ರತಿಯೊಂದು ಕ್ಯಾಸ್‌ನೊಳಗಿನ ವಸ್ತುಗಳೆಲ್ಲವೂ ಪೂರ್ಣಾಂಕಗಳ ಒಂದು ದೀರ್ಘ ಸಾಲಿನಲ್ಲಿ ಒಂದರ ಮುಂದೊಂದು ಕುಳಿತಿರುತ್ತಿದ್ದುವು. ಕೊಂಡಿಯೆಂದರೆ ಆ ಸಾಲಿನಲ್ಲಿ ಇಂಥ ಸ್ಥಾನ ಎಂಬ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯನ್ನು ಇನ್ನೊಂದು ಕ್ಯಾಸ್‌ಗೆ ಹಾಗೆಯೇ ಒಯ್ದರೆ, ಒಂದು ಊರಿನ ಕ್ರಯಪತ್ರದ ಚಕ್ಕುಬಂದಿಯನ್ನು ಇನ್ನೊಂದು ಊರಿನ ಹೊಲಕ್ಕೆ ಬರೆದಂತಾಗುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ ಎಂಬ ಮಾತುಗಳೆಲ್ಲ ಅಕ್ಷರಶಃ ಸರಿಯಾಗಿದ್ದರೂ, ಆ ಪೂರ್ವದಲ್ಲಿ ಈಗ ಇರುವುದು ಬೇರೆ ಯಾರದೋ ಸ್ವತ್ತು. ಯಂತ್ರ ದೂರು ಹೇಳುವುದಿಲ್ಲ. ಆ ಸ್ಥಾನದಲ್ಲಿ ಏನಿದೆಯೋ ಅದನ್ನೇ ‘ವ್ಯಕ್ತಿ’ ಎಂದು ನಂಬಿ ಮುಂದುವರಿಯುತ್ತದೆ. ಆದುದರಿಂದ ನಕಲು ಮಾಡುವವನು ಕೊಂಡಿಯ ಬೆಲೆಯನ್ನಲ್ಲ, ಕೊಂಡಿಯ ಅಭಿಪ್ರಾಯವನ್ನು ಸಾಗಿಸಬೇಕು; ಎಂದರೆ, ಮೂಲದಲ್ಲಿ ಕೊಂಡಿ ಯಾವ ವಸ್ತುವನ್ನು ತೋರಿಸುತ್ತಿತ್ತೋ ಆ ವಸ್ತುವನ್ನೂ ನಕಲು ಮಾಡಿ, ಹೊಸ ಕೊಂಡಿಯು ಹೊಸ ವಸ್ತುವನ್ನು ತೋರಿಸುವಂತೆ ತಿದ್ದಬೇಕು. ಆ ಎರಡನೆಯ ವಸ್ತುವಿಗೆ ಮತ್ತೆ ಕೊಂಡಿಗಳಿದ್ದರೆ ಅವುಗಳಿಗೂ ಇದೇ ವಿಧಿ.

ಈ ವಿಧಿಯನ್ನು ಯಾವ ಎಚ್ಚರಿಕೆಯೂ ಇಲ್ಲದೆ ಪಾಲಿಸಿದಲ್ಲಿ ಎರಡು ಅನರ್ಥಗಳು ಖಂಡಿತ. ಎರಡು ಟಿಪ್ಪಣಿಗಳಿಂದ ಎರಡು ಸಲ ಕುವೆಂಪು ಎಂಬ ವ್ಯಕ್ತಿಯನ್ನು ತಲುಪಿ, ಎರಡು ಸಲ ನಕಲು ಮಾಡಿ, ಹೊಸ ಸಂಪುಟದಲ್ಲಿ ಇಬ್ಬರು ಕುವೆಂಪುಗಳನ್ನು ಹುಟ್ಟಿಸಿದಂತಾಗುತ್ತದೆ. ಓದಿದವನೊಬ್ಬ, ಪ್ರಾಧ್ಯಾಪಕನಾದವನು ಮತ್ತೊಬ್ಬ. ಸುತ್ತಿ ಬರುವ ಕೊಂಡಿಗಳಿದ್ದಲ್ಲಿಯಂತೂ ನಕಲಿನ ಕೆಲಸಕ್ಕೆ ಕೊನೆಯೇ ಇರುವುದಿಲ್ಲ. ಎರಡಕ್ಕೂ ಪರಿಹಾರ ಒಂದೇ, ಮತ್ತು ಅದು ಅತ್ಯಂತ ಸರಳ. ಯುಐಎಂಎಯಲ್ಲಿ ಈ ಕಾರ್ಯಕ್ಕೆಂದೇ ಇರುವ ಕ್ಯಾಸ್ ಕಾಪಿಯರ್ ಎಂಬ ಸಾಧನವು ತನ್ನ ಬಳಿ ಒಂದು ಕೋಷ್ಟಕವನ್ನು ಇಟ್ಟುಕೊಂಡಿರುತ್ತದೆ: ಎಡಗಡೆ ಮೂಲವಸ್ತು, ಬಲಗಡೆ ಅದರ ನಕಲು. ಯಾವ ವಸ್ತು ಎದುರಾದರೂ ಮೊದಲು ಕೋಷ್ಟಕವನ್ನು ನೋಡಬೇಕು. ಅಲ್ಲಿ ಇದ್ದರೆ ಆ ನಕಲನ್ನೇ ಬಳಸಬೇಕು. ಇಲ್ಲದಿದ್ದರೆ ಮಾತ್ರ ಹೊಸದನ್ನು ಸೃಷ್ಟಿಸಿ, ಅದರ ಕೊಂಡಿಗಳನ್ನು ತುಂಬಲು ತೊಡಗುವುದಕ್ಕೆ ಮೊದಲೇ ಕೋಷ್ಟಕದಲ್ಲಿ ಬರೆಯಬೇಕು. ಈ ‘ಮೊದಲೇ’ ಎಂಬುದರಲ್ಲಿಯೇ ಎಲ್ಲವೂ ಅಡಗಿದೆ. ಕೊಂಡಿಗಳನ್ನು ತುಂಬಿದ ಮೇಲೆ ಬರೆಯುತ್ತೇನೆಂದು ತಡೆದವನು, ಸುತ್ತು ತಿರುಗಿ ಅದೇ ವಸ್ತುವಿನ ಬಳಿ ಬಂದಾಗ ಅದು ಇನ್ನೂ ಕೋಷ್ಟಕದಲ್ಲಿಲ್ಲವೆಂದು ಕಂಡು ಮತ್ತೆ ಮೊದಲಿನಿಂದ ತೊಡಗುತ್ತಾನೆ.

ಈ ಉಪಾಯ ಯುಐಎಂಎಯವರು ಹೊಸದಾಗಿ ಕಂಡುಹಿಡಿದದ್ದಲ್ಲ. ಬಳಕೆಯಲ್ಲಿರುವ ವಸ್ತುಗಳನ್ನಷ್ಟೇ ಸ್ಮೃತಿಯ ಇನ್ನೊಂದು ಭಾಗಕ್ಕೆ ನಕಲು ಮಾಡಿ ಉಳಿದುದನ್ನು ಒಮ್ಮೆಗೇ ತೆರವು ಮಾಡುವ ವಿಧಾನವೊಂದನ್ನು ಸಿ. ಜೆ. ಚೇನಿ ಎಂಬವರು 1970ರಲ್ಲಿ ಪ್ರಕಟಿಸಿದರು; ಇಂದಿಗೂ ಅದನ್ನು ಓದುವುದು ನನಗೊಂದು ಆನಂದ, ಏಕೆಂದರೆ ಅಷ್ಟು ಅಲ್ಪ ಸಾಮಗ್ರಿಯಿಂದ ಅಷ್ಟು ದೊಡ್ಡ ಕೆಲಸ ಮಾಡಿಸಿದ ಉದಾಹರಣೆಗಳು ವಿರಳ. ಚೇನಿ ಬೇರೆ ಕೋಷ್ಟಕವನ್ನೇ ಇಡಲಿಲ್ಲ: ನಕಲಾದ ಪ್ರತಿಯೊಂದು ಹಳೆಯ ವಸ್ತುವಿನ ಜಾಗದಲ್ಲಿಯೇ ‘ನನ್ನ ಹೊಸ ವಿಳಾಸ ಇದು’ ಎಂದು ಬರೆದಿಟ್ಟರು. ಹೇಗಿದ್ದರೂ ಹಳೆಯ ಭಾಗವನ್ನು ಅಳಿಸಿಹಾಕುವುದು ನಿಶ್ಚಿತವಾದ್ದರಿಂದ ಅಲ್ಲಿ ಏನು ಬರೆದರೂ ನಷ್ಟವಿರಲಿಲ್ಲ. ಕ್ಯಾಸ್ ಕಾಪಿಯರ್‌ಗೆ ಆ ಸ್ವಾತಂತ್ರ್ಯವಿಲ್ಲ. ನಕಲಾದ ಮೇಲೂ ಮೂಲವು ಅಕ್ಷತವಾಗಿ ಉಳಿಯಲೇಬೇಕು. ಆ ಕಾರಣದಿಂದ ಅದಕ್ಕೆ ಪ್ರತ್ಯೇಕ ಕೋಷ್ಟಕ ಬೇಕಾಯಿತು. ಆ ಕೋಷ್ಟಕವು ಒಂದು ಕಾಪಿಯರ್‌ನ ಆಯುಷ್ಯದಷ್ಟೇ ಬಾಳುತ್ತದೆ ಎಂಬುದನ್ನು ಬಳಸುವವರು ಅರಿತಿರಬೇಕು. ಒಂದೇ ಕ್ಯಾಸ್‌ನ ಹಲವು ಭಾಗಗಳನ್ನು ನಕಲು ಮಾಡುವಾಗ ಪ್ರತಿಯೊಂದಕ್ಕೂ ಹೊಸ ಕಾಪಿಯರ್ ಸೃಷ್ಟಿಸಿದಲ್ಲಿ, ಭಾಗಗಳ ನಡುವೆ ಹಂಚಿಕೊಂಡಿದ್ದ ವಸ್ತುಗಳೆಲ್ಲ ಸದ್ದಿಲ್ಲದೆ ಇಮ್ಮಡಿಸುತ್ತವೆ.

ಚೇನಿಯ ವಿಧಾನದಲ್ಲಿ ಇನ್ನೊಂದು ಗುಣವಿತ್ತು: ಆಳಕ್ಕೆ ಇಳಿಯದಿರುವುದು. ಕೊಂಡಿಯೊಂದು ಕಂಡಕೂಡಲೇ ಅದರ ಬೆನ್ನು ಹತ್ತಿ ಹೋಗಿ, ಅಲ್ಲಿ ಕಂಡ ಕೊಂಡಿಯ ಬೆನ್ನು ಹತ್ತಿ, ಹೀಗೆ ಆಳಕ್ಕೆ ಇಳಿಯುತ್ತ ಹೋಗುವವನು ಪ್ರತಿ ಹೆಜ್ಜೆಯಲ್ಲಿಯೂ ತಾನು ಎಲ್ಲಿಗೆ ಹಿಂದಿರುಗಬೇಕೆಂಬುದನ್ನು ನೆನಪಿಡಬೇಕಾಗುತ್ತದೆ. ಗಣಕವು ಇದಕ್ಕೆಂದು ಇಟ್ಟಿರುವ ಸ್ಟ್ಯಾಕ್ ಪರಿಮಿತವಾದುದು. ಯುಐಎಂಎಯಲ್ಲಿ ಪಟ್ಟಿಯೆಂದರೆ ಒಂದು ಘಟಕವು ಒಂದು ವಸ್ತುವನ್ನೂ, ಉಳಿದ ಪಟ್ಟಿಯನ್ನೂ ತೋರಿಸುವ ಸರಪಳಿಯಾಗಿರಬಹುದು. ಹತ್ತು ಸಾವಿರ ಘಟಕಗಳ ಪಟ್ಟಿಯನ್ನು ಹೀಗೆ ಆಳಕ್ಕಿಳಿದು ನಕಲು ಮಾಡಹೊರಟರೆ ಹತ್ತು ಸಾವಿರ ಹೆಜ್ಜೆಗಳ ನೆನಪು ಬೇಕು, ಮತ್ತು ತಂತ್ರಾಂಶ ನಡುದಾರಿಯಲ್ಲೇ ಮುರಿದುಬೀಳುವ ಸಂಭವ ಹೆಚ್ಚು. ಇಳಿಯುವುದರ ಬದಲು, ಕಂಡ ವಸ್ತುವಿಗೆ ಖಾಲಿ ನಕಲೊಂದನ್ನು ಸೃಷ್ಟಿಸಿ, ‘ಇದರ ಕೊಂಡಿಗಳನ್ನು ಇನ್ನೂ ತುಂಬಬೇಕು’ ಎಂಬ ಸಾಲಿನಲ್ಲಿ ನಿಲ್ಲಿಸಿ, ಆ ಸಾಲು ಮುಗಿಯುವವರೆಗೆ ಒಂದೊಂದಾಗಿ ತುಂಬುತ್ತ ಹೋದರೆ ಪಟ್ಟಿ ಎಷ್ಟೇ ಉದ್ದವಾಗಿರಲಿ ಭಯವಿಲ್ಲ.

ಇಷ್ಟೆಲ್ಲ ಶ್ರಮಪಟ್ಟು ಏತಕ್ಕಾಗಿ ನಕಲು ಮಾಡಬೇಕು ಎಂದು ಕೇಳಬಹುದು. 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆಪರ್ಡಿ ಎಂಬ ದೂರದರ್ಶನದ ಪ್ರಶ್ನಸ್ಪರ್ಧೆಯಲ್ಲಿ ಕೆನ್ ಜೆನ್ನಿಂಗ್ಸ್ ಮತ್ತು ಬ್ರ್ಯಾಡ್ ರಟ್ಟರ್ ಎಂಬ ನುರಿತ ಸ್ಪರ್ಧಿಗಳನ್ನು ಸೋಲಿಸಿದ ವಾಟ್ಸನ್ ಯಂತ್ರವು ಯುಐಎಂಎಯ ಆಧಾರದ ಮೇಲೆಯೇ ರಚಿತವಾದುದು. ಒಂದೇ ಸಂಸ್ಕಾರಕದಲ್ಲಿ ಸುಮಾರು ಎರಡು ಗಂಟೆ ಹಿಡಿಯುತ್ತಿದ್ದ ಒಂದು ಪ್ರಶ್ನೆಯ ಉತ್ತರವನ್ನು, 90 ಸರ್ವರ್‌ಗಳ 2880 ಸಂಸ್ಕಾರಕ ಅಂಗಗಳಿಗೆ ಹಂಚಿ ಮೂರು ಸೆಕೆಂಡಿನ ಆಸುಪಾಸಿಗೆ ಇಳಿಸಿದರು. ಹಂಚಬೇಕಾದರೆ ಒಡೆಯಬೇಕು: ಒಂದು ಪ್ರಶ್ನೆಯ ಕ್ಯಾಸ್‌ನಿಂದ ಸಂಭಾವ್ಯ ಉತ್ತರಗಳಿಗಾಗಿ ಅನೇಕ ಕ್ಯಾಸ್‌ಗಳು ಹುಟ್ಟಿ, ಒಂದೊಂದೂ ಬೇರೆಬೇರೆ ಯಂತ್ರಗಳಲ್ಲಿ ಪರೀಕ್ಷೆಗೊಳಗಾಗಿ, ಫಲಿತಾಂಶಗಳು ಮತ್ತೆ ಒಂದೆಡೆ ಸೇರಬೇಕು. ದೊಡ್ಡ ಗ್ರಂಥವೊಂದನ್ನು ಅಧ್ಯಾಯಗಳಾಗಿ ಒಡೆದು ವಿಶ್ಲೇಷಿಸುವವರೂ ಮಾಡುವುದು ಇದನ್ನೇ. ಒಡೆಯುವಲ್ಲಿಯೂ ಕೂಡಿಸುವಲ್ಲಿಯೂ ನಕಲು ಅನಿವಾರ್ಯ.

ಒಡೆಯುವುದರಲ್ಲಿರುವ ತೊಡಕು ನಮ್ಮ ವಾಕ್ಯದಲ್ಲಿಯೇ ಕಾಣುತ್ತದೆ. ಅಲ್ಪವಿರಾಮದ ಬಳಿ ಕತ್ತರಿಸಿ, ‘ಅವರು ಅಲ್ಲಿಯೇ ಪ್ರಾಧ್ಯಾಪಕರಾದರು’ ಎಂಬುದನ್ನಷ್ಟೇ ಹೊಸ ಕ್ಯಾಸ್‌ನ ಪಾಠವಾಗಿ ಇರಿಸಿದೆವೆನ್ನೋಣ. ‘ಅವರು’ ಎಂಬುದರ ಟಿಪ್ಪಣಿಯನ್ನು ನಕಲು ಮಾಡಿದಾಗ ಅದರ 28–32 ಎಂಬ ಅಂಕೆಗಳನ್ನು 0–4 ಎಂದು ತಿದ್ದಬೇಕು. ಅದು ಯಾವ ಪಾಠಕ್ಕೆ ಸೇರಿದ್ದೆಂಬ ಉಲ್ಲೇಖವೂ ಹೊಸ ಪಾಠದ ಕಡೆಗೆ ತಿರುಗಬೇಕು. ಇಷ್ಟಾದರೆ ಟಿಪ್ಪಣಿ ಸರಿಹೋಯಿತು. ಆದರೆ ಅದರ ಕೊಂಡಿ ವ್ಯಕ್ತಿಯನ್ನು ಎಳೆದುತರುತ್ತದೆ. ವ್ಯಕ್ತಿಯು ತನ್ನ ಉಲ್ಲೇಖಗಳ ಪಟ್ಟಿಯನ್ನು ಎಳೆದುತರುತ್ತಾನೆ. ಪಟ್ಟಿಯು, ಹೊಸ ಪಾಠದಲ್ಲಿ ಎಲ್ಲಿಯೂ ಇಲ್ಲದ ‘ಕುವೆಂಪು’ ಎಂಬ ಹೆಸರಿನ ಟಿಪ್ಪಣಿಯನ್ನು ಅದರ 0–7 ಎಂಬ ಅಂಕೆಗಳ ಸಮೇತ ಎಳೆದುತರುತ್ತದೆ. ಹೊಸ ಪಾಠದಲ್ಲಿ 0ಯಿಂದ 7ರವರೆಗೆ ಇರುವುದೇನು? ‘ಅವರು’ ಎಂಬ ಪದ, ಒಂದು ಖಾಲಿ ಸ್ಥಳ, ಮತ್ತು ‘ಅಲ್ಲಿಯೇ’ ಎಂಬುದರ ಮೊದಲ ಎರಡು ಸಂಕೇತಗಳು; ಲ್ಲಿ ಎಂಬ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದಿರುತ್ತದೆ. ಆ ತುಂಡನ್ನು ಯಂತ್ರ ಮನುಷ್ಯನ ಹೆಸರೆಂದು ಬಗೆಯುತ್ತದೆ. ಅಷ್ಟೇ ಅಲ್ಲ, ಗ್ರಂಥ ದೊಡ್ಡದಾದಷ್ಟೂ ಈ ಎಳೆತ ದೊಡ್ಡದು. ನಾಯಕನ ಹೆಸರು ಸಾವಿರ ಸಲ ಬರುವ ಕಾದಂಬರಿಯಲ್ಲಿ ಒಂದೇ ಒಂದು ಸರ್ವನಾಮವನ್ನು ನಕಲು ಮಾಡಹೊರಟವನು, ಸರಪಳಿ ಹಿಡಿದು, ಕಾದಂಬರಿಯ ಅರ್ಧದಷ್ಟು ಟಿಪ್ಪಣಿಗಳನ್ನು ಹೊತ್ತುತರಬೇಕಾಗುತ್ತದೆ.

ಇದಕ್ಕೆ ಪರಿಹಾರವಿರುವುದು ನಕಲಿನ ವಿಧಾನದಲ್ಲಲ್ಲ, ಸೂಚಿಯಲ್ಲಿ ಎಂಬುದು ನನ್ನ ವಾದ. ಆದುದರಿಂದ ಸೂಚಿಯ ಸ್ವರೂಪವನ್ನು ಈಗ ನೋಡಬೇಕು. ಕ್ಯಾಸ್‌ನಲ್ಲಿ ವಸ್ತುವೊಂದು ಇರುವುದು ಬೇರೆ, ಸೂಚಿಯಲ್ಲಿ ದಾಖಲಾಗುವುದು ಬೇರೆ. ಸೃಷ್ಟಿಸಿದ ಮಾತ್ರಕ್ಕೆ ವಸ್ತು ಸೂಚಿಗೆ ಸೇರುವುದಿಲ್ಲ. ಸೇರಿಸಬೇಕೆಂದು ಬೇರೆಯಾಗಿ ಹೇಳಬೇಕು. ಮುಂದಿನ ವಿಶ್ಲೇಷಕವು ‘ಹೆಸರುಗಳನ್ನೆಲ್ಲ ಕೊಡು’ ಎಂದು ಕೇಳಿದಾಗ ದೊರೆಯುವುದು ಸೂಚಿಯಲ್ಲಿರುವುವು ಮಾತ್ರ. ಕ್ಯಾಸ್ ಅನ್ನು ಕಡತಕ್ಕೆ ಬರೆಯುವಾಗಲೂ ಸಾಮಾನ್ಯವಾಗಿ ಸೂಚಿಯಿಂದಲೇ ಆರಂಭಿಸಿ, ಅಲ್ಲಿಂದ ಕೊಂಡಿಗಳ ಮೂಲಕ ತಲುಪಬಹುದಾದವನ್ನೆಲ್ಲ ಬರೆಯುತ್ತಾರೆ. ಸೂಚಿಯಲ್ಲಿಯೂ ಇಲ್ಲದ, ಯಾವ ಕೊಂಡಿಯಿಂದಲೂ ತಲುಪಲಾಗದ ವಸ್ತು ಕಡತಕ್ಕೆ ಬರುವುದೇ ಇಲ್ಲ. ಎರಡನೆಯ ಆವೃತ್ತಿಯಲ್ಲಿ ಅಂಥ ವಸ್ತು ಕ್ಯಾಸ್ ಬರಿದಾಗುವವರೆಗೆ ಜಾಗ ಹಿಡಿದು ಕುಳಿತಿರುತ್ತಿತ್ತು. ವಸ್ತುಗಳನ್ನು ಸಾಮಾನ್ಯ ಜಾವಾ ವಸ್ತುಗಳಾಗಿಸಿದ ಮೂರನೆಯ ಆವೃತ್ತಿಯಲ್ಲಿ ಯಾರೂ ಹಿಡಿದಿಟ್ಟುಕೊಳ್ಳದ ವಸ್ತು ತಾನಾಗಿಯೇ ತೆರವಾಗುತ್ತದೆ. ಕಾಪಿಯರ್‌ಗೆ ಒಂದೊಂದೇ ವಸ್ತುವನ್ನು ಕೊಟ್ಟು ನಕಲು ಮಾಡಿಸಿದಾಗಲೂ ಅದು ನಕಲನ್ನು ಸೂಚಿಗೆ ಸೇರಿಸುವುದಿಲ್ಲ. ನೋಟವನ್ನು, ಎಂದರೆ ಒಂದು ಪಾಠವೂ ಅದರ ಸೂಚಿಯೂ ಸೇರಿದ ಭಾಗವನ್ನು, ಇಡಿಯಾಗಿ ನಕಲು ಮಾಡಿಸಿದರೆ ಮಾತ್ರ, ಮೂಲದಲ್ಲಿ ಸೂಚಿಯಲ್ಲಿದ್ದುವನ್ನು ಹೊಸದರಲ್ಲಿಯೂ ಸೇರಿಸುತ್ತದೆ. ನಕಲು ಮಾಡಿದೆನಾದರೂ ಏನೂ ಕಾಣಿಸುತ್ತಿಲ್ಲವೆಂದು ಹೊಸಬರು ತಬ್ಬಿಬ್ಬಾಗುವುದು ಈ ಭೇದವನ್ನು ಅರಿಯದ್ದರಿಂದ.

ಟಿಪ್ಪಣಿಗಳ ಸೂಚಿಯಲ್ಲಿ ಒಂದು ನಿಯತ ಕ್ರಮವಿದೆ: ಮೊದಲು ಆರಂಭವಾಗುವುದು ಮೊದಲು, ಒಂದೇ ಕಡೆ ಆರಂಭವಾಗುವವುಗಳಲ್ಲಿ ಉದ್ದವಾದುದು ಮೊದಲು. ನಮ್ಮ ವಾಕ್ಯದ ಟಿಪ್ಪಣಿ 0–57, ಹೆಸರಿನದು 0–7. ವಾಕ್ಯವೇ ಮುಂದೆ ಬರುತ್ತದೆ. ಹೀಗೆ ಒಳಗೊಳ್ಳುವುದು ಒಳಗಾದುದಕ್ಕಿಂತ ಮೊದಲು ಬರುವುದರಿಂದ, ವಾಕ್ಯದೊಳಗಿನ ಪದಗಳಾವುವು ಎಂದು ತಿಳಿಯಲು ವಾಕ್ಯದಿಂದ ಪದಗಳಿಗೆ ಯಾವ ಕೊಂಡಿಯೂ ಬೇಡ: ಸೂಚಿಯಲ್ಲಿ ವಾಕ್ಯದ ಸ್ಥಾನಕ್ಕೆ ಹೋಗಿ ನಿಂತು, 57ನ್ನು ದಾಟುವವರೆಗೆ ಮುಂದೆ ನಡೆದರೆ ಸಾಕು. ಸೂಚಿಯಿಂದ ದೊರೆಯಬಹುದಾದುದಕ್ಕೆ ಕೊಂಡಿ ಹಾಕತಕ್ಕದ್ದಲ್ಲ ಎಂದು ನಾನು ಹೇಳುವುದು ಈ ಕಾರಣದಿಂದ. ಉಲ್ಲೇಖದಿಂದ ವ್ಯಕ್ತಿಗೆ ಕೊಂಡಿಯಿರಲಿ. ವ್ಯಕ್ತಿಯಿಂದ ಉಲ್ಲೇಖಗಳಿಗೆ ಮರಳುವ ಪಟ್ಟಿಯನ್ನು ಬಿಡೋಣ. ಬೇಕಾದಾಗ ಸೂಚಿಯಲ್ಲಿ ಉಲ್ಲೇಖಗಳನ್ನೆಲ್ಲ ಒಮ್ಮೆ ನೋಡಿ, ಯಾವುವು ಈ ವ್ಯಕ್ತಿಯನ್ನೇ ತೋರಿಸುತ್ತವೆಯೋ ಅವನ್ನು ಆರಿಸಿಕೊಳ್ಳೋಣ. ಆಗ ‘ಅವರು’ ಎಂಬುದನ್ನು ನಕಲು ಮಾಡಿದರೆ ಜೊತೆಗೆ ಬರುವವನು ಕುವೆಂಪು ಎಂಬ ವ್ಯಕ್ತಿಯೊಬ್ಬನೇ. ಅವನಿಗೆ ಪಾಠದಲ್ಲಿ ಸ್ಥಾನವಿಲ್ಲದ್ದರಿಂದ ಯಾವ ಅಂಕೆಯೂ ತಪ್ಪುವುದಿಲ್ಲ, ಮತ್ತು ಪಾಠದಲ್ಲಿ ಹೆಸರೇ ಇಲ್ಲದಿದ್ದರೂ ಸರ್ವನಾಮ ಯಾರನ್ನು ಕುರಿತದ್ದೆಂಬ ಜ್ಞಾನ ಉಳಿಯುತ್ತದೆ. ಪ್ರತಿ ಸಲವೂ ಹುಡುಕುವ ಶ್ರಮ ಇದಕ್ಕೆ ತೆರಬೇಕಾದ ಬೆಲೆ. ದೊಡ್ಡ ಪಾಠಗಳಲ್ಲಿ ಅದು ಅಲ್ಪವಲ್ಲವೆಂಬುದು ನಿಜ. ಆದರೂ ಹುಡುಕಾಟದ ವಿಳಂಬ ಕಣ್ಣಿಗೆ ಕಾಣುವಂಥದು, ಅಳೆಯಬಹುದಾದಂಥದು. ತಪ್ಪು ಸ್ಥಾನಕ್ಕೆ ಬಿದ್ದ ಟಿಪ್ಪಣಿಯಾದರೋ ಕಾಣದೆ ಮುಂದಿನ ವಿಶ್ಲೇಷಣೆಯನ್ನೆಲ್ಲ ಕೆಡಿಸುವಂಥದು.

ತಿದ್ದುವುದಕ್ಕೂ ಸೂಚಿಗೆ ಸೇರಿಸುವುದಕ್ಕೂ ನಡುವೆ ಒಂದು ಪೌರ್ವಾಪರ್ಯವುಂಟು. 28–32 ಎಂಬ ಅಂಕೆಗಳಿರುವಾಗಲೇ ‘ಅವರು’ ಎಂಬುದನ್ನು ಸೂಚಿಗೆ ಸೇರಿಸಿ ಆಮೇಲೆ 0–4 ಎಂದು ತಿದ್ದಿದರೆ, ಸೂಚಿಯು ಅದನ್ನು ಹಳೆಯ ಅಂಕೆಯ ಸ್ಥಾನದಲ್ಲಿಯೇ ಇಟ್ಟುಕೊಂಡಿರುತ್ತದೆ. ಕ್ರಮವನ್ನು ನಂಬಿ ಹುಡುಕುವವನಿಗೆ ಅದು ಸಿಗುವುದಿಲ್ಲ, ಸೂಚಿಯಿಂದ ತೆಗೆಯಹೋದರೂ ಸಿಗುವುದಿಲ್ಲ. ಯುಐಎಂಎಯ 2.7.0 ಆವೃತ್ತಿಯಿಂದೀಚೆಗೆ ಇಂಥ ಬದಲಾವಣೆಯನ್ನು ಚೌಕಟ್ಟೇ ಗಮನಿಸಿ, ವಸ್ತುವನ್ನು ಸೂಚಿಯಿಂದ ತೆಗೆದು, ತಿದ್ದಿ, ಮರಳಿ ಸೇರಿಸುತ್ತದೆ. ಆದರೆ ಸಾವಿರಾರು ಟಿಪ್ಪಣಿಗಳಿಗೆ ಆ ಕೆಲಸವನ್ನು ಮಾಡಿಸುವುದಕ್ಕಿಂತ, ನಕಲಿಸಿ, ಅಂಕೆ ತಿದ್ದಿ, ಕೊನೆಯಲ್ಲಿ ಸೂಚಿಗೆ ಸೇರಿಸುವುದು ಲೇಸು.

ಕೊಂಡಿಗಳನ್ನೆಲ್ಲ ಸೂಚಿಗೆ ಬಿಟ್ಟುಕೊಡಬಹುದೆಂದು ಇದರಿಂದ ಯಾರೂ ಭಾವಿಸಬಾರದು. ‘ಓದಿದರು’ ಎಂಬ ಕ್ರಿಯೆಗೆ ‘ಕುವೆಂಪು’ ಕರ್ತೃ ಎಂಬ ಸಂಬಂಧವನ್ನು ಯಾವ ಆದ್ಯಂತಗಳ ಅಂಕೆಯಿಂದಲೂ ಊಹಿಸಲಾಗದು. ನಡುವೆ ‘ಮೈಸೂರಿನಲ್ಲಿ’ ಎಂಬ ಪದ ಬಂದಿದೆ, ಕನ್ನಡದಲ್ಲಿ ಪದಗಳ ಕ್ರಮವೂ ಸಡಿಲ. ಅದನ್ನು ಕೊಂಡಿಯಾಗಿಯೇ ಬರೆಯಬೇಕು, ಕರ್ತೃಪದದಿಂದ ಕ್ರಿಯಾಪದದ ಕಡೆಗೆ ಒಂದೇ ದಿಕ್ಕಿನಲ್ಲಿ. ಮತ್ತು ಪಾಠವನ್ನು ಒಡೆಯುವವನು ಆ ಎರಡು ಪದಗಳ ನಡುವೆ ಕತ್ತರಿಯಾಡಿಸದಂತೆ, ವಾಕ್ಯಗಳ ಸೀಮೆಯನ್ನು ಸೂಚಿಯಲ್ಲಿ ನೋಡಿಕೊಂಡೇ ಒಡೆಯಬೇಕು.